ಫಾಸ್ಟ್ ಲೋಕಲಿನಲ್ಲಿ ಲೋಲಾಕ್ಷಿಯ ಇಂಗ್ಲಿಷ್ ದಂಡಯಾತ್ರೆ

ದೇಶಗಳನ್ನು ಗೆದ್ದವರ ಚರಿತ್ರೆ ಬರೆಯುವವರು ಮೊದಲು ಅವರ ಕುದುರೆಯ ಬಣ್ಣ ಹೇಳುತ್ತಾರೆ, ಆಮೇಲೆ ಕತ್ತಿಯ ಉದ್ದ. ನಮ್ಮ ಲೋಲಾಕ್ಷಿಗೆ ಕುದುರೆ ಇರಲಿಲ್ಲ. ಬೆಳಿಗ್ಗೆ ಏಳು ಹನ್ನೆರಡಕ್ಕೆ ಡೊಂಬಿವಲಿಗೆ ಬರುವ ಫಾಸ್ಟ್ ಲೋಕಲ್ ಇತ್ತು. ಕತ್ತಿ ಇರಲಿಲ್ಲ, ತುದಿ ಮುರಿದ ಕೊಡೆ ಇತ್ತು. ಕಲ್ಯಾಣದಿಂದಲೇ ಬಾಗಿಲಿಗೆ ಅಂಟಿಕೊಂಡು ಬರುವ ಮಹಿಳಾ ಡಬ್ಬಿಯ ವೀರನಾರಿಯರು ಆ ಕೊಡೆಯ ತುದಿ ಕಂಡರೆ ಅರ್ಧ ಅಡಿ ಜಾಗ ಬಿಡುತ್ತಿದ್ದರು. ಆ ಅರ್ಧ ಅಡಿಯಲ್ಲಿ ಲೋಲಾಕ್ಷಿ ಒಳಗೆ ಬರುತ್ತಿದ್ದಳು. ಎತ್ತರ ನಾಲ್ಕು ಅಡಿ ಹತ್ತು ಇಂಚು. ಮೇಲಿನ ಹಿಡಿಕೆ ಸಿಗಬೇಕಾದರೆ ಬಲಗೈ ಪೂರ್ತಿ ಎತ್ತಿ ತುದಿಗಾಲಲ್ಲಿ ನಿಲ್ಲಬೇಕಿತ್ತು. ಹಾಗೆ ನಿಂತೇ ಅವಳು ಇಂಗ್ಲಿಷನ್ನು ಗೆದ್ದದ್ದು. ನಾನು ಪಕ್ಕದಲ್ಲಿ ನಿಂತು ಕಣ್ಣಾರೆ ನೋಡಿದ್ದೇನೆ, ಆದ್ದರಿಂದ ಬರೆಯುವ ಹಕ್ಕು ನನಗಿದೆ.

ಊರು ಮುಲ್ಕಿಯ ಕಡೆ. ಓದಿದ್ದು ಕನ್ನಡದಲ್ಲಿ ಏಳನೆಯ ತರಗತಿ. ಗಂಡ ಚನಿಯ ಕಲ್ಯಾಣದ ಒಂದು ಹೋಟೆಲಿನಲ್ಲಿ ದೋಸೆಯ ಕಲ್ಲಿನ ಮುಂದೆ ನಿಲ್ಲುವವನು. ಮಗಳು ರಮಿತಾ ಇಂಗ್ಲಿಷ್ ಶಾಲೆಯಲ್ಲಿ ಓದಿ ಆಗ ಕಾಲೇಜಿಗೆ ಹೋಗುತ್ತಿದ್ದಳು. ಲೋಲಾಕ್ಷಿ ಠಾಣೆ ಸ್ಟೇಷನ್ನಿನಿಂದ ಹತ್ತು ನಿಮಿಷದ ದಾರಿಯ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಆಯಾ. ಹದಿನಾರು ವರ್ಷದಿಂದ ಅಲ್ಲಿ ಹುಟ್ಟಿದ ಮಕ್ಕಳನ್ನು ಮೀಯಿಸುವ ಕೆಲಸ ಅವಳದ್ದು. ನಾನು ಒಮ್ಮೆ ಅಂದಾಜು ಹಾಕಿದೆ: ಕಡಿಮೆ ಎಂದರೂ ನಾಲ್ಕು ಸಾವಿರ ಮಕ್ಕಳು. ಠಾಣೆಯ ರಸ್ತೆಗಳಲ್ಲಿ ಇವತ್ತು ಬೈಕು ಓಡಿಸಿಕೊಂಡು ಸಿಗ್ನಲ್ ಹಾರಿಸುವ ಹುಡುಗರಲ್ಲಿ ಎಷ್ಟೋ ಜನರ ನೆತ್ತಿಯ ಮೇಲೆ ಮೊದಲ ಚೊಂಬು ನೀರು ಹೊಯ್ದವಳು ಇವಳು.

ಭಾಷೆಗಳ ವಿಷಯದಲ್ಲಿ ಅವಳನ್ನು ಬಡವಳೆಂದು ಯಾರೂ ತಿಳಿಯಬಾರದು. ಮನೆಯಲ್ಲಿ ತುಳು, ರೈಲಿನಲ್ಲಿ ಕನ್ನಡ, ಮಾರ್ಕೆಟಿನಲ್ಲಿ ಮರಾಠಿ, ಡಾಕ್ಟರರ ಮುಂದೆ ಹಿಂದಿ, ಹೆರಿಗೆ ಕೋಣೆಯಲ್ಲಿ ಗುಜರಾತಿ, ಕೊಂಕಣಿ, ಸಿಂಧಿ ಎಲ್ಲವೂ ಅಷ್ಟಷ್ಟು. ನೋವು ತಿನ್ನುವ ಹೆಂಗಸನ್ನು ಆಕೆಯದೇ ಮಾತಿನಲ್ಲಿ ಬೈದು ಸಮಾಧಾನ ಮಾಡುವುದರಲ್ಲಿ ಅವಳಿಗೆ ಎದುರಾಳಿಯೇ ಇರಲಿಲ್ಲ. ಇಂಗ್ಲಿಷಿನಲ್ಲಿ ಮಾತ್ರ ಅವಳ ಇಡೀ ಬಂಡವಾಳ ಒಂದು ಶಬ್ದ: ಪುಶ್. ಆ ಒಂದೇ ಶಬ್ದದಿಂದ ಹದಿನಾರು ವರ್ಷ ಆಸ್ಪತ್ರೆ ನಡೆದಿತ್ತು.

ಎರಡು ಸಾವಿರದ ಹತ್ತನೆಯ ಇಸವಿಯ ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಅವಳು ಬ್ಲೌಸಿನೊಳಗಿಂದ ನಾಲ್ಕು ಮಡಿಕೆಯ ಝೆರಾಕ್ಸ್ ಕಾಗದ ತೆಗೆದು ನನ್ನ ಕೈಗಿತ್ತಳು.

"ಅಕ್ಕ, ಬೋರ್ಡಿಗೆ ಇದು ಹಾಕಿದ್ದಾರೆ. ಎಲ್ಲರೂ ಒಂದೊಂದು ಹೇಳ್ತಾರೆ. ನೀವು ಸರಿ ಓದಿ ಹೇಳಿ ಮಾರಾಯ್ರೆ."

ಓದಿದೆ. ಬರುವ ಏಪ್ರಿಲಿನಿಂದ ಎಲ್ಲ ಆಯಾಗಳೂ ಹೊರಗಿನ ಒಂದು ಕಂಪನಿಯ ಕೈಕೆಳಗೆ ಹೋಗುತ್ತಾರೆ; ಅವರ ಕೆಲಸ ನೆಲ ಒರೆಸುವುದು, ಬಟ್ಟೆ ಸಾಗಿಸುವುದು ಮಾತ್ರ. ಮಕ್ಕಳನ್ನು, ರೋಗಿಗಳನ್ನು ಮುಟ್ಟುವಂತಿಲ್ಲ. ಮುಟ್ಟುವ ಕೆಲಸಕ್ಕೆ 'ನರ್ಸಿಂಗ್ ಅಸಿಸ್ಟೆಂಟ್' ಎಂಬ ಹೊಸ ಹುದ್ದೆ. ಹಳೆಯ ಆಯಾಗಳಿಗೂ ಅದು ಸಿಗಬಹುದು. ಆದರೆ ಫೆಬ್ರವರಿಯಲ್ಲಿ ಇಂಗ್ಲಿಷಿನಲ್ಲಿ ಮಾತಾಡುವ ಪರೀಕ್ಷೆ ಪಾಸಾಗಬೇಕು.

"ಅಂದ್ರೆ ನನಗೆ ಇನ್ನು ಮಗು ಮೀಯಿಸ್ಲಿಕ್ಕೆ ಇಲ್ಲವಾ?"

"ಪರೀಕ್ಷೆ ಪಾಸಾದ್ರೆ ಉಂಟು."

ಅವಳು ಕಾಗದವನ್ನು ಮತ್ತೆ ನಾಲ್ಕು ಮಡಿಕೆ ಮಾಡಿದಳು. "ಅಲ್ಲ ಅಕ್ಕ, ಮಗುವಿಗೆ ಇಂಗ್ಲಿಷ್ ಬರ್ತದಾ?"

ಈ ಪ್ರಶ್ನೆಗೆ ಆಸ್ಪತ್ರೆಯ ಆಡಳಿತ ಮಂಡಳಿಯಿಂದ ಇವತ್ತಿನವರೆಗೆ ಉತ್ತರ ಬಂದಿಲ್ಲ.

ಮೊದಲ ಗುರು ಮಗಳು ರಮಿತಾಳೇ. ಆ ಗುರುಕುಲ ಮೂರು ದಿನ ನಡೆಯಿತು. ಅಮ್ಮ ಒಂದು ಶಬ್ದ ಹೇಳುವುದು, ಮಗಳು ತಿದ್ದುವುದು; ಅಮ್ಮ ಮತ್ತೆ ಹೇಳುವುದು, ಮಗಳು ಕಣ್ಣು ಮೇಲೆ ಮಾಡುವುದು. ಮೂರನೆಯ ದಿನ ಮಗಳು, "ಮಮ್ಮೀ, ಛೋಡ್ ನಾ, ತುಝ್‌ಸೇ ನಹೀ ಹೋಗಾ" ಎಂದಳು, ಬಿಡು, ನಿನ್ನಿಂದ ಆಗದು ಎಂದು. "ಹೌದಾ? ನಿನ್ನ ಅಂಡಿಗೆ ಲಂಗೋಟಿ ಕಟ್ಟುವಾಗ ನಾನು ಯಾವ ಭಾಷೆಯಲ್ಲಿ ಕಟ್ಟಿದ್ದು?" ಎಂದು ಕೇಳಿ ಲೋಲಾಕ್ಷಿ ಪುಸ್ತಕ ಮುಚ್ಚಿದಳು. ಅವಳಿಗೆ ಕಲಿಯಲು ಬೇಸರವಿರಲಿಲ್ಲ. ಹೆತ್ತ ಮಗಳ ಮುಂದೆ ದಡ್ಡಿಯಾಗಲು ಬೇಸರವಿತ್ತು.

ಎರಡನೆಯ ಗುರು ದೈವಯೋಗದಿಂದ ನಮ್ಮ ಡಬ್ಬಿಯಲ್ಲೇ ನಿಂತಿದ್ದರು. ಶರಣಬಸಮ್ಮ, ಕಲಬುರ್ಗಿಯ ಕಡೆಯವರು, ಮುಂಬಯಿ ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಟೀಚರ್. ಇಪ್ಪತ್ತೆರಡು ವರ್ಷ ಐದನೆಯ ತರಗತಿಗೆ ಇಂಗ್ಲಿಷ್ ಕಲಿಸಿದ ಕಂಠ. ಮೋಟರ್‌ಮನ್ ಹಾರ್ನ್ ಮರೆತರೆ ಇವರು ಸಾಕು. ಆಸ್ಪತ್ರೆಯ ಕಾಗದ ಓದಿ ಅವರು ಕನ್ನಡಕ ಏರಿಸಿಕೊಂಡರು.

"ಆರು ತಿಂಗಳ ಟೈಮ್ ಅದ ಅಲ್ಲ ಲೋಲವ್ವ. ಆರು ತಿಂಗಳದಾಗ ನಾ ಕಲ್ಲಿಗಿ ಇಂಗ್ಲಿಷ್ ಕಲಿಸ್ತೀನಿ. ನೀ ಏನ್ ಕಲ್ಲಲ್ಲ, ಬಾಯಿ ಅದ ನಿನಗ. ಭಾಳ ಅದ."

"ಟೀಚರೇ, ಪುಸ್ತಕ ಯಾವ್ದು ತರ್ಬೇಕು?"

"ಪುಸ್ತಕ ಹಿಡೀಲಿಕ್ಕಿ ಕೈ ಎಲ್ಲಿ ಖಾಲಿ ಅದವ? ಒಂದ್ ಕೈ ಮ್ಯಾಲ, ಒಂದ್ ಕೈ ಪರ್ಸ್ ಮ್ಯಾಲ. ಬಾಯಿಲೇ ಕಲಿ."

ಡೊಂಬಿವಲಿಯಿಂದ ಠಾಣೆಗೆ ಫಾಸ್ಟ್ ಲೋಕಲಿನಲ್ಲಿ ಹದಿನೇಳು ನಿಮಿಷ. ಜಗತ್ತಿನ ಬೇರೆ ಯಾವ ವಿಶ್ವವಿದ್ಯಾಲಯದ ತರಗತಿಯೂ ಹೀಗಿಲ್ಲ: ತಡವಾಗಿ ಬಂದವರಿಗೆ ಪ್ರವೇಶವಿಲ್ಲ, ಮಧ್ಯೆ ಎದ್ದು ಹೋಗುವಂತಿಲ್ಲ, ನಿದ್ದೆ ಬಂದರೂ ಬೀಳಲು ಜಾಗವಿಲ್ಲ. ಸೋಮವಾರ ದಿನನಿತ್ಯ ಮಾಡುವ ಕೆಲಸಗಳು: ಐ ಗೆಟ್ ಅಪ್, ಐ ಮೇಕ್ ಟೀ. ಮಂಗಳವಾರ ಈಗ ಆಗುತ್ತಿರುವುದು: ದಿಸ್ ಲೇಡಿ ಈಸ್ ಪುಶಿಂಗ್ ಮೀ. ಉದಾಹರಣೆಗೆ ಎಲ್ಲೂ ಹುಡುಕಬೇಕಾಗಿರಲಿಲ್ಲ. ಬುಧವಾರ ನಿನ್ನೆ ಆದದ್ದು; ಗುರುವಾರ ನಾಳೆ ಆಗುವುದು. ಶುಕ್ರವಾರ ಜಾಗ ಸೂಚಿಸುವ ಶಬ್ದಗಳು, ಅದಕ್ಕೆ ನಮ್ಮ ಚೀಲಗಳೇ ಪಾಠ: ಆನ್ ದ ರ್‍ಯಾಕ್, ಅಂಡರ್ ದ ಸೀಟ್, ಬಿಟ್ವೀನ್ ದ ಲೆಗ್ಸ್. ಶನಿವಾರ ಆ ವಾರದ ಅರುವತ್ತು ಹೊಸ ಶಬ್ದಗಳ ವಿಚಾರಣೆ. ಮೈಯ ಅಂಗಗಳನ್ನು ಕಲಿಸಿದ ದಿನ ಟೀಚರ್ ಯಾರ್‍ಯಾರ ಮೊಣಕೈ ಯಾರ್‍ಯಾರ ಪಕ್ಕೆಯಲ್ಲಿದೆಯೆಂದು ಇಂಗ್ಲಿಷಿನಲ್ಲಿ ಕೇಳಿದರು. ಲೋಲಾಕ್ಷಿ ತಪ್ಪಿಲ್ಲದೆ ಹೇಳಿದಳು, ಮೊಣಕೈಗಳ ಮಾಲಕಿಯರು ಅವನ್ನು ಹಿಂದೆ ತೆಗೆದುಕೊಂಡರು. ವಿದ್ಯೆಯ ಪ್ರಯೋಜನ ಮೊದಲ ಸಲ ಕಣ್ಣಿಗೆ ಬಿತ್ತು.

ಆದರೆ ಆ ವಿದ್ಯಾಪೀಠದ ಗರ್ಭಗುಡಿ ಎಂದರೆ ಪಾರಸಿಕ್ ಸುರಂಗ. ಮುಂಬ್ರಾದ ಗುಡ್ಡದೊಳಗೆ ರೈಲು ನುಗ್ಗಿದ ಕೂಡಲೇ ಎಂಥ ಸದ್ದೆಂದರೆ ನಮ್ಮ ಮಾತು ನಮಗೇ ಕೇಳದು. ಕ್ರಿಯಾಪದಗಳ ಮೂರು ಮೂರು ರೂಪ ಹೇಳಲು ಲೋಲಾಕ್ಷಿಗೆ ನಾಚಿಕೆಯಾಗುತ್ತಿದ್ದುದನ್ನು ಕಂಡು ಟೀಚರ್ ಆ ಪಾಠವನ್ನು ಸುರಂಗಕ್ಕೆ ವರ್ಗಾಯಿಸಿದರು.

"ಇಲ್ಲಿ ಒದರು. ತಪ್ಪಾದ್ರ ಗುಡ್ಡ ಕೇಳ್ತದ, ಮಂದಿ ಕೇಳಂಗಿಲ್ಲ."

ಕತ್ತಲೆ ಕವಿಯುತ್ತಿದ್ದಂತೆ ನಾಲ್ಕು ಅಡಿ ಹತ್ತು ಇಂಚಿನಿಂದ ಒಂದು ಘರ್ಜನೆ ಏಳುತ್ತಿತ್ತು: "ಗೋ, ವೆಂಟ್, ಗಾನ್! ಈಟ್, ಏಟ್, ಈಟನ್! ಹೋಲ್ಡ್, ಹೆಲ್ಡ್, ಹೆಲ್ಡ್!" ಮೊದಲ ವಾರ ಜನ ಬೆಚ್ಚಿದರು. ಎರಡನೆಯ ವಾರ ನಕ್ಕರು. ನವರಾತ್ರಿಯ ಹೊತ್ತಿಗೆ ಬಾಗಿಲ ಬಳಿಯ ಗುಜರಾತಿ ಹೆಂಗಸರೂ ಬ್ಯಾಂಕಿನ ಮರಾಠಿ ಮೇಡಮ್ಮೂ ಜೊತೆಗೂಡಿದರು. ಗೋಡೆಯಾಚೆಯ ಗಂಡಸರ ಡಬ್ಬಿಯಲ್ಲಿ ದಿನಾ ಭಜನೆ ನಡೆಯುತ್ತಿತ್ತು. ಅವರ ತಾಳದ ಲಯಕ್ಕೆ ನಮ್ಮ ಕ್ರಿಯಾಪದಗಳು ತಾವಾಗಿಯೇ ಕೂತವು. ಸುರಂಗದಿಂದ ಬೆಳಕಿಗೆ ಬರುವಾಗ ಇಪ್ಪತ್ತು ಹೆಂಗಸರು ಒಂದೇ ಉಸಿರಿನಲ್ಲಿ "ಬ್ರಿಂಗ್, ಬ್ರಾಟ್, ಬ್ರಾಟ್" ಎನ್ನುತ್ತಿದ್ದರು. ನನ್ನ ಮೈಯಲ್ಲಿ ಸುಮ್ಮನೆ ರೋಮ ಏಳುತ್ತಿತ್ತು. ನಗು ಬರುತ್ತಿತ್ತು, ಜೊತೆಗೆ ಅದೂ.

ಸಂಜೆಯ ತರಗತಿ ಬೇರೆ. ಠಾಣೆಯಲ್ಲೇ ಹೊರಡುವ ಸ್ಲೋ ಗಾಡಿಯಲ್ಲಿ ಕೂರಲು ಜಾಗ ಸಿಗುತ್ತದೆ. ಸ್ಟೇಷನ್ನಿನ ಹೊರಗೆ ತರಕಾರಿ ಕೊಂಡು, ದಾರಿಯಲ್ಲೇ ಮೆಂತೆ ಬಿಡಿಸಿ, ಬಟಾಣಿ ಸುಲಿದು, ಮನೆಗೆ ಹೋದ ಕೂಡಲೇ ಒಲೆಗೇರಿಸುವುದು ನಮ್ಮೆಲ್ಲರ ರೂಢಿ. ಟೀಚರ್ ಒಂದು ಕಾನೂನು ಮಾಡಿದರು: ಕಳವಾ ಸೇತುವೆ ದಾಟಿದ ಮೇಲೆ ಡೊಂಬಿವಲಿಯವರೆಗೆ ಇಂಗ್ಲಿಷ್ ಮಾತ್ರ. ಬೇರೆ ಭಾಷೆಯ ಶಬ್ದ ಬಾಯಿಂದ ಬಿದ್ದರೆ ಮಿಕ್ಕವರ ಸೊಪ್ಪನ್ನೂ ಅವಳೇ ಬಿಡಿಸಬೇಕು. ಸೆಪ್ಟೆಂಬರ್ ತಿಂಗಳಿಡೀ ನಾನೂ ಟೀಚರೂ ಕೈಗೆ ಮಣ್ಣು ಮುಟ್ಟಿಸಿಕೊಳ್ಳದೆ ಮೆಂತೆ ಪಲ್ಯ ತಿಂದೆವು. ಲೋಲಾಕ್ಷಿಯ ಬೆರಳುಗಳ ವೇಗಕ್ಕೆ ಅದು ಶಿಕ್ಷೆಯೇ ಅಲ್ಲವೆಂದು ತಿಳಿದ ಮೇಲೆ ಕಾನೂನು ತಿರುವುಮುರುವಾಯಿತು: ತಪ್ಪಿದವಳು ಕೈಕಟ್ಟಿ ಕೂರಬೇಕು. ಕೈ ಸುಮ್ಮನಿಟ್ಟುಕೊಂಡು ಕೂರುವುದು ಅವಳಿಗೆ ಜೈಲು. ಒಂದೇ ವಾರದಲ್ಲಿ ಇಂಗ್ಲಿಷ್ ಓಡತೊಡಗಿತು.

ಓಡಿದ್ದು ರೈಲಿನ ದಾರಿಯಲ್ಲೇ ಎಂಬುದನ್ನು ಮಾತ್ರ ಹೇಳಬೇಕು. ಅವಳ ಉತ್ತರಗಳೆಲ್ಲ ಮುಂದಿನ ಸ್ಟೇಷನ್ನಿನೊಳಗೆ ಮುಗಿಯುವ ಅವಸರದಲ್ಲಿರುತ್ತಿದ್ದವು. ಕೇಳುವ ಪ್ರಶ್ನೆಯಂತೂ ಅವಳಿಗೆ ಗೊತ್ತಿದ್ದುದು ಒಂದೇ. ಲೋಕಲಿನಲ್ಲಿ ನಿಂತವಳು ಕೂತವಳನ್ನು ಮೊದಲು ಕೇಳುವ ಮಾತು ಯಾವುದು? ಎಲ್ಲಿ ಇಳಿಯುತ್ತೀರಿ? ಮುಂದೆ ಎಲ್ಲಾದರೂ ಇಳಿಯುವವಳಾದರೆ ಆ ಸೀಟಿಗೆ ಈಗಲೇ ಹೆಸರು ಬರೆಸಿದಂತೆ. ಲೋಲಾಕ್ಷಿ ಇದನ್ನು ಇಂಗ್ಲಿಷಿನಲ್ಲಿ ಸೊಗಸಾಗಿ ಕಲಿತಳು: "ವೇರ್ ಆರ್ ಯು ಗೆಟಿಂಗ್ ಡೌನ್?" ದಿನಕ್ಕೆ ಎಂಟು ಹತ್ತು ಸಲ ಕೇಳಿ ಕೇಳಿ ಅದು ಪಾಲಿಶ್ ಹಿಡಿದು ಹೊಳೆಯುತ್ತಿತ್ತು.

ಡಿಸೆಂಬರಿನಲ್ಲಿ ದಂಡಯಾತ್ರೆ ನಿಂತಿತು. ಸೋಮವಾರ ಬೆಳಿಗ್ಗೆ ಲೋಲಾಕ್ಷಿ ಆಚೆ ಬದಿಯ ಬಾಗಿಲಲ್ಲಿ ಹೋಗಿ ನಿಂತಳು. ಸುರಂಗ ಬಂತು, ಅವಳ ಬಾಯಿ ತೆರೆಯಲಿಲ್ಲ. ಗುಜರಾತಿ ಹೆಂಗಸರು ನಾಯಕಿಯಿಲ್ಲದೆ ಎರಡು ಕ್ರಿಯಾಪದ ಹೇಳಿ ಸುಮ್ಮನಾದರು. ಮಂಗಳವಾರವೂ ಹಾಗೆಯೇ. ಬುಧವಾರ ನಾನು ಜನರ ನಡುವೆ ತೂರಿ ಅವಳ ಬಳಿಗೆ ಹೋದೆ.

"ಎಂತಾಯ್ತು ಲೋಲಾಕ್ಷಿ?"

"ಎಂತ ಇಲ್ಲ ಅಕ್ಕ. ಒಬ್ಬ ಗಂಡ ಬಂದಿದ್ದ, ಬಾಣಂತಿಯ ಗಂಡ. ಫೈಲು ಎಲ್ಲಿ ಉಂಟು ಅಂತ ಇಂಗ್ಲಿಷಲ್ಲಿ ಕೇಳಿದ. ನನಗೆ ಉತ್ತರ ಗೊತ್ತಿತ್ತು. ಆನ್ ದ ಟೇಬಲ್. ಅಷ್ಟೇ ಅಲ್ವಾ? ಗಂಟಲಿಗೆ ಬಂತು, ಹೊರಗೆ ಬರ್ಲಿಲ್ಲ. ಅವ ಕಾದ, ಕಾದ, ಮತ್ತೆ ನಕ್ಕು ನರ್ಸಿನ ಹತ್ರ ಹೋದ."

"ಒಂದು ದಿನ ಅಲ್ವಾ, ಬಿಡು."

"ಅದು ಬಿಡ್ಬಹುದು. ಮೊನ್ನೆ ಆ ಕಂಪನಿಯಿಂದ ಈಗಲೇ ಇಬ್ಬರು ಹೊಸ ಹೆಂಗಸರು ಬಂದಿದ್ದಾರೆ, ಏಪ್ರಿಲ್ ಕಾಯದೆ. ನೀಲಿ ಬಟ್ಟೆ. ಅದರಲ್ಲಿ ಒಬ್ಬಳು ಸಾಬವ್ವ ಅಂತ, ಬಿಜಾಪುರದವಳು. ತೊಟ್ಟಿಲಲ್ಲಿ ಮಗು ಕೂಗ್ತಾ ಉಂಟು, ಇವಳು ಪಕ್ಕದಲ್ಲಿ ನೆಲ ಒರಸ್ತಾ ಇದ್ಳು, ಸುಮ್ಮನೆ ಒಂದು ಕೈ ಇಟ್ಟು ತೂಗಿದ್ಳು. ಸೂಪರ್‌ವೈಸರ್ ಬಂದು ಬೈದದ್ದು ಕೇಳ್ಬೇಕು ನೀವು. ಮುಟ್ಬೇಡ, ಮುಟ್ಬೇಡ ಅಂತ. ಅವಳು ಎರಡು ಕೈಯನ್ನೂ ಹಿಂದೆ ಹಿಡ್ಕೊಂಡು ನಿಂತಳು. ಕಳ್ಳಿಯ ಹಾಗೆ." ಲೋಲಾಕ್ಷಿ ತನ್ನ ಅಂಗೈಗಳನ್ನು ನೋಡಿಕೊಂಡಳು, ನೀರಿನಲ್ಲಿ ನೆನೆದು ನೆನೆದು ಅವು ಸುಕ್ಕಾಗಿದ್ದವು. "ಏಪ್ರಿಲಿಂದ ನನ್ನದೂ ಹಾಗೆಯೇ ಅಲ್ವಾ ಅಕ್ಕ? ಮಗು ಕೂಗುದು, ನಾನು ಕೈ ಹಿಂದೆ ಹಿಡ್ಕೊಳ್ಳುದು."

ಟೀಚರ್ ದೂರದಿಂದಲೇ ಅವಳ ಮುಖ ನೋಡಿದ್ದರು. ಅವರು ಇದ್ದಲ್ಲಿಂದಲೇ ಇಪ್ಪತ್ತು ತಲೆಗಳ ಮೇಲಿಂದ ಕೂಗಿದರು: "ಏ ಲೋಲವ್ವ! ಅಳೋದಿದ್ರ ಠಾಣೆಯಾಗ ಇಳದು ಅಳು. ಇಲ್ಲಿ ಕ್ಲಾಸ್ ನಡದದ. ಹೋಲ್ಡ್!"

ಸುರಂಗ ಬಾಯಿ ತೆರೆಯಿತು. ಆಚೆ ಬಾಗಿಲಿನಿಂದ, ಮೊದಲು ಸಣ್ಣಗೆ, ಆಮೇಲೆ ಗುಡ್ಡ ನಡುಗುವಂತೆ: "ಹೆಲ್ಡ್! ಹೆಲ್ಡ್!"

ಫೆಬ್ರವರಿಯ ಮೂರನೆಯ ವಾರ ಪರೀಕ್ಷೆ. ನಾನು ಅಲ್ಲಿರಲಿಲ್ಲ. ಅಲ್ಲಿದ್ದವಳು ವಸಂತಿ, ಅದೇ ಆಸ್ಪತ್ರೆಯ ನರ್ಸ್, ನಮ್ಮ ಸಂಜೆಯ ಗಾಡಿಯವಳೇ. ಒಬ್ಬೊಬ್ಬರನ್ನೇ ಒಳಗೆ ಬಿಡುವ ಕೆಲಸ ಅವಳಿಗೆ ಬಿದ್ದಿತ್ತು, ಬಾಗಿಲು ಪೂರ್ತಿ ಮುಚ್ಚದೆ ಅವಳು ಪುಣ್ಯ ಕಟ್ಟಿಕೊಂಡಳು. ಅವಳೂ ಲೋಲಾಕ್ಷಿಯೂ ಆ ಸಂಜೆ ಹೇಳಿದ್ದನ್ನು ಸೇರಿಸಿ ಬರೆಯುತ್ತಿದ್ದೇನೆ.

ಒಳಗೆ ಮೂವರು. ಕೂದಲು ಬೆಳ್ಳಗಾದ ಮೇಟ್ರನ್, ಮಕ್ಕಳ ಡಾಕ್ಟರ್, ಮತ್ತು ಸಿಬ್ಬಂದಿ ವಿಭಾಗದ ದಿಶಾ ಎಂಬ ಇಪ್ಪತ್ತಾರು ವರ್ಷದ ಮೇಡಮ್. ಎ.ಸಿ. ಕೋಣೆ. ಲೋಲಾಕ್ಷಿಯನ್ನು ಗಾಲಿ ಇರುವ ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿದರು. ನೆಲಕ್ಕೆ ಕಾಲು ಮುಟ್ಟಲಿಲ್ಲ.

"ಟೆಲ್ ಅಸ್ ಅಬೌಟ್ ಯುವರ್‌ಸೆಲ್ಫ್," ಎಂದಳು ದಿಶಾ.

ಈ ಪ್ರಶ್ನೆಗೆ ಉತ್ತರವನ್ನು ಲೋಲಾಕ್ಷಿ ಆರು ತಿಂಗಳಲ್ಲಿ ಸಾವಿರ ಸಲ ಹೇಳಿದ್ದಳು. ಈಗ ಒಂದಕ್ಷರ ಬರಲಿಲ್ಲ. ಹಳಿಯ ಸದ್ದಿಲ್ಲ, ತಾಳವಿಲ್ಲ, ಯಾರೂ ಒತ್ತುತ್ತಿಲ್ಲ, ಬೆವರಿನ ವಾಸನೆ ಇಲ್ಲ. ಇಷ್ಟು ಆರಾಮಾಗಿ ಕೂತು ಇಂಗ್ಲಿಷ್ ಮಾತಾಡಬೇಕೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ! ಶರಣಬಸಮ್ಮನವರ ಪಾಠಕ್ರಮದಲ್ಲಿ ಇದ್ದ ಒಂದೇ ಒಂದು ತೂತು ಅದು. ದಿಶಾಳ ಪೆನ್ನು ಕಾಗದದ ಕಡೆಗೆ ಬಾಗಿತು.

ಲೋಲಾಕ್ಷಿ ಕುರ್ಚಿಯಿಂದ ಇಳಿದು ನಿಂತಳು. ಬಲಗೈ ತಾನಾಗಿಯೇ ಮೇಲೆ ಹೋಯಿತು. ಅಲ್ಲಿ ಹಿಡಿಕೆ ಇಲ್ಲ. ಇಲ್ಲದ ಹಿಡಿಕೆಯನ್ನು ಮುಷ್ಟಿಯಲ್ಲಿ ಹಿಡಿದು ತುದಿಗಾಲಲ್ಲಿ ಸ್ವಲ್ಪ ಅತ್ತಿತ್ತ ತೂಗಿದಳು. ಇವಳು ಪ್ರಮಾಣವಚನ ತೆಗೆದುಕೊಳ್ಳುತ್ತಿದ್ದಾಳೆಯೆ ಅಥವಾ ತಲೆ ಸುತ್ತುತ್ತಿದೆಯೆ ಎಂದು ಡಾಕ್ಟರ್ ಅರ್ಧ ಎದ್ದರಂತೆ. ಅಷ್ಟರಲ್ಲಿ ಸುರಂಗದ ದನಿ ಆ ಕೋಣೆಯಲ್ಲಿ ಸ್ಫೋಟಿಸಿತು.

"ಮೈ ನೇಮ್ ಈಸ್ ಲೋಲಾಕ್ಷಿ! ಐ ಲಿವ್ ಇನ್ ಡೊಂಬಿವಲಿ ಈಸ್ಟ್! ಐ ಗೆಟ್ ಅಪ್ ಅಟ್ ಫೋರ್ ಥರ್ಟಿ! ಐ ವರ್ಕ್ ಹಿಯರ್ ಸಿಕ್ಸ್‌ಟೀನ್ ಇಯರ್ಸ್! ಐ ಗೇವ್ ಬಾತ್ ಟು ಫೋರ್ ಥೌಸಂಡ್ ಬೇಬೀಸ್!"

ಕಾರಿಡಾರಿನ ಕೊನೆಯ ಔಷಧಿ ಅಂಗಡಿಯವನು ತಲೆ ಹೊರಗೆ ಹಾಕಿ ನೋಡಿದನಂತೆ. ಮುಂದಿನ ಸ್ಟೇಷನ್ ಬರುವಷ್ಟರಲ್ಲಿ ಅವಳ ಇಡೀ ಜೀವನ ಚರಿತ್ರೆ ಮುಗಿದಿತ್ತು. ಆಮೇಲೆ ಕೇಳಿದ ನಾಲ್ಕು ಪ್ರಶ್ನೆಗಳಿಗೂ ಅದೇ ವೇಗ, ಅದೇ ಗಂಟಲು, ಅದೇ ತೂಗಾಟ. ಕೊನೆಗೆ ದಿಶಾ ಕಿವಿ ಸವರಿಕೊಂಡು, "ಡು ಯು ಹ್ಯಾವ್ ಎನಿ ಕ್ವಶ್ಚನ್ ಫಾರ್ ಅಸ್?" ಎಂದಳು. ನಿಮಗೇನಾದರೂ ನಮ್ಮನ್ನು ಕೇಳಲಿಕ್ಕಿದೆಯೆ ಎಂದು.

ಪ್ರಶ್ನೆ ಕೇಳು ಎಂದರು, ಲೋಲಾಕ್ಷಿಗೆ ಗೊತ್ತಿರುವ ಪ್ರಶ್ನೆ ಒಂದೇ. ಎದುರಿಗೆ ಕೂತವಳೊಬ್ಬಳು ಇದ್ದಾಳೆ, ತಾನು ನಿಂತಿದ್ದಾಳೆ.

"ವೇರ್ ಆರ್ ಯು ಗೆಟಿಂಗ್ ಡೌನ್, ಮೇಡಮ್?"

ದಿಶಾಳೂ ಲೋಕಲಿನವಳೇ. ಯೋಚನೆಗಿಂತ ಮೊದಲು ಬಾಯಿ ಉತ್ತರ ಕೊಟ್ಟಿತು: "ಕಲ್ಯಾಣ್." ಡೊಂಬಿವಲಿ ದಾಟಿದ ಮೇಲೆ ಬರುವ ಸ್ಟೇಷನ್.

"ನೋ ಯೂಸ್," ಎಂದಳು ಲೋಲಾಕ್ಷಿ ನಿಜವಾದ ಬೇಸರದಿಂದ. "ಐ ಆಮ್ ಗೆಟಿಂಗ್ ಡೌನ್ ಬಿಫೋರ್ ಯು."

ಮೇಟ್ರನ್ನಿನ ಚಹಾ ನೆತ್ತಿಗೇರಿತು. ಡಾಕ್ಟರ್ ಕರವಸ್ತ್ರದಿಂದ ಮುಖ ಮುಚ್ಚಿಕೊಂಡರು. ತನ್ನ ಮಾತಿನ ಅರ್ಥ ತನಗೇ ತಿಳಿದ ಮೇಲೆ ಲೋಲಾಕ್ಷಿಯ ಎತ್ತಿದ ಕೈ ಮೆಲ್ಲನೆ ಕೆಳಗಿಳಿಯಿತು. "ಭೂಮಿ ಬಾಯಿ ತೆರೆದಿದ್ರೆ ಹೋಗ್ತಿದ್ದೆ ಅಕ್ಕ," ಎಂದಳು ಸಂಜೆ. ದಿಶಾ ನಗು ನಿಲ್ಲಿಸಿ ಪಟ್ಟಿಯಲ್ಲಿ ಏನೋ ಬರೆದಳು. ಏನೆಂದು ವಸಂತಿಗೆ ಕಾಣಲಿಲ್ಲ. ಪರೀಕ್ಷೆಯ ಎರಡನೆಯ ಭಾಗ ವಾರ್ಡಿನಲ್ಲಿ, ಒಬ್ಬ ಬಾಣಂತಿಯ ಮಂಚದ ಬಳಿ. ಅದರಲ್ಲಿ ಸೋತರೆ ಮುಗಿಯಿತು.

ಐದನೆಯ ನಂಬರಿನ ಮಂಚದಲ್ಲಿ ಮಣಿಪುರದ ಕಡೆಯ ಒಬ್ಬ ಹುಡುಗಿ, ಗಂಡನ ಕೆಲಸಕ್ಕೆಂದು ಘೋಡಬಂದರ್ ರಸ್ತೆಯ ಯಾವುದೋ ಹೊಸ ಕಟ್ಟಡಕ್ಕೆ ಬಂದು ನಾಲ್ಕು ತಿಂಗಳಾಗಿತ್ತು. ಹಿಂದಿ ಬಾರದು. ತವರಿನವರು ಯಾರೂ ಇಲ್ಲ. ಮಗು ಹುಟ್ಟಿ ಮೂರು ದಿನವಾದರೂ ಎತ್ತಿಕೊಳ್ಳಲು ಹೆದರಿ, ತೊಟ್ಟಿಲ ಪಕ್ಕದಲ್ಲಿ ಕೂತು ಅಳುತ್ತಿದ್ದಳು. ಆ ಹುಡುಗಿಗೆ ಮಗು ಮೀಯಿಸುವುದನ್ನು ಇಂಗ್ಲಿಷಿನಲ್ಲಿ ಹೇಳಿಕೊಡಬೇಕು. ಮೂವರು ಪರೀಕ್ಷಕರು ಗೋಡೆಗೆ ಒರಗಿ ನಿಂತರು.

ಇಲ್ಲಿ ಹಿಡಿಕೆಯ ಅಗತ್ಯ ಬೀಳಲಿಲ್ಲ, ಏಕೆಂದರೆ ಕೈಗೆ ಮಗು ಬಂದಿತ್ತು. ದನಿಯೂ ಇಳಿಯಿತು. ಯಾರೂ ಹೇಳಿಕೊಡದೆಯೇ ಇಳಿಯಿತು ಎನ್ನುತ್ತಾಳೆ ವಸಂತಿ.

"ಫಸ್ಟ್ ಐ ವಾಶ್ ಮೈ ಹ್ಯಾಂಡ್ಸ್. ನೌ ಐ ಪುಟ್ ಮೈ ಎಲ್ಬೋ ಇನ್ ದ ವಾಟರ್. ನಾಟ್ ಹಾಟ್, ನಾಟ್ ಕೋಲ್ಡ್. ಐ ಹೋಲ್ಡ್ ದ ಹೆಡ್. ಐ ಡೋಂಟ್ ಹರಿ. ಸೀ, ಹಿ ಈಸ್ ಕ್ರೈಯಿಂಗ್. ಕ್ರೈಯಿಂಗ್ ಈಸ್ ಹಿಸ್ ವರ್ಕ್. ವಾಶಿಂಗ್ ಈಸ್ ಮೈ ವರ್ಕ್."

ಸೋಮವಾರದ ಪಾಠ, ಮಂಗಳವಾರದ ಪಾಠ, ಶುಕ್ರವಾರದ ಪಾಠ ಒಂದರ ಹಿಂದೆ ಒಂದು ಬರುತ್ತಿದ್ದವು, ಬೆರಳುಗಳು ಮಗುವಿನ ಕಂಕುಳಲ್ಲಿ, ಕತ್ತಿನ ಮಡಿಕೆಯಲ್ಲಿ, ಕಿವಿಯ ಹಿಂದೆ ಹೋಗಿ ಬರುತ್ತಿದ್ದವು. ಇಷ್ಟು ದಿನ ಡಬ್ಬಿಯ ನೂಕಾಟದಲ್ಲಿ ಒದರಿದ ಮಾತುಗಳಿಗೆ ಮೊದಲ ಸಲ ಮೈ ಬಂದಿತ್ತು. ಮಗು ಅಳು ನಿಲ್ಲಿಸಿತು. ಹುಡುಗಿ ಅಳು ನಿಲ್ಲಿಸಿ ಮುಂದೆ ಬಾಗಿದಳು. ನಿಧಾನವಾಗಿ ಒಂದು ಪ್ರಶ್ನೆ ಕೇಳಿದಳು.

"ವಾಟ್ ಇಫ್ ಐ ಡ್ರಾಪ್ ಹಿಮ್?"

ನಾನು ಬೀಳಿಸಿಬಿಟ್ಟರೆ? ಹೀಗಾದರೆ ಹಾಗಾದರೆ ಎಂಬ ಪಾಠವನ್ನು ಟೀಚರ್ ಮಾರ್ಚಿಗೆಂದು ಇಟ್ಟಿದ್ದರು. ಲೋಲಾಕ್ಷಿಯ ಬಳಿ ಅದಕ್ಕೆ ವಾಕ್ಯವೇ ಇರಲಿಲ್ಲ. ಬಾಗಿಲ ಬಳಿ ನಿಂತ ವಸಂತಿ ತಲೆ ಒಳಗೆ ಹಾಕಿದಳು. ದಿಶಾಳ ಪೆನ್ನು ಮತ್ತೆ ಬಾಗಿತು.

ಲೋಲಾಕ್ಷಿ ಹುಡುಗಿಯ ಎಡಗೈಯನ್ನು ಹಿಡಿದು ಮಗುವಿನ ತಲೆಯ ಕೆಳಗೆ, ಬಲಗೈಯನ್ನು ಬೆನ್ನ ಕೆಳಗೆ ಇಟ್ಟಳು. ಆ ಎರಡು ಕೈಗಳ ಕೆಳಗೆ ತನ್ನ ಎರಡು ಕೈ ಇಟ್ಟಳು. ಮಗು ಈಗ ನಾಲ್ಕು ಅಂಗೈಗಳ ಮೇಲೆ, ಎರಡು ಹೊಸವು, ಎರಡು ಹಳೆಯವು.

"ಯು ವಿಲ್ ನಾಟ್ ಡ್ರಾಪ್," ಎಂದಳು. "ಐ ಆಮ್ ಸ್ಟ್ಯಾಂಡಿಂಗ್ ಹಿಯರ್."

ಸಂಜೆಯ ಗಾಡಿಯಲ್ಲಿ, ಇಂಗ್ಲಿಷ್ ಕಾನೂನಿಗೆ ರಜೆ ಕೊಟ್ಟು, ವಸಂತಿ ಇದನ್ನು ಹೇಳಿದಾಗ ಮುಂಬ್ರಾ ಬಂದಿತ್ತು. ಟೀಚರ್ ಕೈಯಲ್ಲಿದ್ದ ಬಟಾಣಿ ಸಿಪ್ಪೆಯನ್ನೇ ಊಟದ ಡಬ್ಬಿಗೆ ಹಾಕಿಕೊಂಡು ಕಾಳನ್ನು ಕಿಟಕಿಯಿಂದ ಹೊರಗೆ ಎಸೆಯುತ್ತಿದ್ದರು. ಯಾರೂ ತಿದ್ದಲಿಲ್ಲ. ಇಪ್ಪತ್ತೆರಡು ವರ್ಷ ಪಾಠ ಹೇಳಿದ ಬಾಯಿ ಕಡೆಗೆ ಇಷ್ಟು ಮಾತ್ರ ಹೇಳಿತು: "ನಾ ಕಲಿಸಿದ್ದಲ್ಲ ಅದು. ಅದು ಅಕಿದೇ."

ಲೋಲಾಕ್ಷಿಗೆ ಮಾತ್ರ ಇನ್ನೂ ಆ ಕಲ್ಯಾಣದ್ದೇ ಚಿಂತೆ. "ಅದು ಹೇಳ್ಬಾರ್ದಿತ್ತು ಅಲ್ವಾ ಟೀಚರೇ? ಅದರಲ್ಲೇ ಹೋಗ್ತದೆ ನೋಡಿ ನನ್ನದು."

ಹನ್ನೊಂದು ದಿನದ ಮೇಲೆ ಬೋರ್ಡಿನಲ್ಲಿ ಪಟ್ಟಿ ಬಂತು. ಹನ್ನೊಂದು ಆಯಾಗಳಲ್ಲಿ ನಾಲ್ವರ ಹೆಸರು. ಅವಳದ್ದು ಮೊದಲನೆಯದು. ರಮಿತಾ ಅಮ್ಮನ ಜೊತೆ ಹೋಗಿ ಆ ಪಟ್ಟಿಯ ಫೋಟೊ ಮೊಬೈಲಿನಲ್ಲಿ ಹಿಡಿದು, ಡೊಂಬಿವಲಿಗೆ ಬಂದು ತಾನಾಗಿಯೇ ಅಂಗಡಿಯಿಂದ ಪೇಢೆ ತಂದಳಂತೆ. ಚನಿಯ ಹೋಟೆಲಿನಲ್ಲಿ ಆ ದಿನ ದೋಸೆಯ ಕಲ್ಲಿನ ಮುಂದೆ ನಿಂತು ಗಿರಾಕಿಗಳಿಗೆ, "ನಮ್ಮ ಮನೆಯಲ್ಲಿ ಇಂಗ್ಲಿಷಿನವರು ಇದ್ದಾರೆ" ಎಂದು ಹೇಳಿ ಎರಡು ದೋಸೆ ಕರಕಲು ಮಾಡಿದನೆಂದೂ ವರದಿ ಇದೆ.

ಸಿಗದ ಏಳು ಜನರಿಗೆ ನೀಲಿ ಬಟ್ಟೆ ಬಂತು. ಲೋಲಾಕ್ಷಿ ಅದನ್ನು ಸಂಭ್ರಮದಲ್ಲಿ ಮರೆಯಲಿಲ್ಲ. ಮೇ ತಿಂಗಳಿನಿಂದ ಬೆಳಗಿನ ಡಬ್ಬಿಯಲ್ಲಿ ಹೊಸ ಶಿಷ್ಯೆಯರು ಕಾಣತೊಡಗಿದರು, ಬಿಜಾಪುರದ ಸಾಬವ್ವ ಮೊದಲನೆಯವಳು. ಸುರಂಗದಲ್ಲಿ ಅವಳು ಮೊದಲ ಸಲ ಬಾಯಿ ಬಿಟ್ಟಾಗ ಭಜನೆಯವರು ತಾಳ ನಿಲ್ಲಿಸಿದರು; ಅಂಥ ಗಂಟಲು ಅವಳದ್ದು. ಮರುವರ್ಷದ ಪರೀಕ್ಷೆಯಲ್ಲಿ ಅವಳೂ ಪಾಸು. ಅವಳನ್ನು ಲೋಲಾಕ್ಷಿ ಒಂದು ತಿಂಗಳು ತನ್ನ ಮನೆಗೆ ಕರೆಸಿ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಫ್ಯಾನ್ ಕೂಡ ಬಂದ್ ಮಾಡಿ, ಪೂರ್ತಿ ಮೌನದಲ್ಲಿ ಮಾತಾಡಿಸಿ ತಯಾರು ಮಾಡಿದ್ದಳು.

ಎರಡು ಸಾವಿರದ ಹದಿನಾಲ್ಕರಲ್ಲಿ ನನ್ನ ಅಕ್ಕನ ಮಗಳು ಅನುಷ್ಕಾ ಅದೇ ಆಸ್ಪತ್ರೆಯಲ್ಲಿ ಹೆತ್ತಳು. ಇಷ್ಟು ವರ್ಷ ಕಿವಿಯಲ್ಲಿ ಕೇಳಿದ್ದನ್ನು ಕಣ್ಣಲ್ಲಿ ನೋಡುವ ಆಸೆಯಿಂದ ಬೆಳಿಗ್ಗೆ ಎಂಟಕ್ಕೇ ಹೋದೆ. ಮಕ್ಕಳ ಕೋಣೆಯ ಬಾಗಿಲು ಅರೆ ತೆರೆದಿತ್ತು. ಒಳಗೆ ಬಿಳಿ ಕೋಟಿನ ನಮ್ಮ ಲೋಲಾಕ್ಷಿ. ಮುಂದೆ ಸಾಲಾಗಿ ಆರು ತೊಟ್ಟಿಲು. ಎದುರಿಗೆ ಇಬ್ಬರು ಹೊಸ ನರ್ಸ್ ಹುಡುಗಿಯರು ನೋಟ್‌ಬುಕ್ ಹಿಡಿದು ನಿಂತಿದ್ದರು. ಅವಳು ಮೊಣಕೈಯನ್ನು ನೀರಿಗಿಟ್ಟು ತಣ್ಣಗೆ ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದಳು, ಅವರು ಬರೆದುಕೊಳ್ಳುತ್ತಿದ್ದರು. ಅವಳ ಅಂಗೈಯಲ್ಲಿ ಇದ್ದದ್ದು ನಮ್ಮ ಮನೆಯ ಮಗು, ಎರಡು ದಿನದ್ದು, ಕೆಂಪಗೆ, ಮುಷ್ಟಿ ಬಿಗಿದುಕೊಂಡು, ಕಿಂಚಿತ್ತೂ ಹೆದರದೆ.

ನನಗೆ ತಡೆಯಲಾಗಲಿಲ್ಲ. ಬಾಗಿಲು ದೂಡಿ, "ಲೋಲಾಕ್ಷೀ!" ಎಂದು ಒಂದು ಹೆಜ್ಜೆ ಒಳಗಿಟ್ಟೆ.

ಅವಳು ತಲೆ ಎತ್ತಿ ನೋಡಿದಳು. ಗುರುತು ಹತ್ತಿತು, ಕಣ್ಣಿನಲ್ಲಿ ನಗುವೂ ಬಂತು. ಆದರೆ ಕೈ ಅಲುಗಲಿಲ್ಲ, ದನಿ ಏರಲಿಲ್ಲ.

"ಪ್ಲೀಸ್ ವೇಟ್ ಔಟ್‌ಸೈಡ್, ಅಕ್ಕ. ವಿಸಿಟರ್ಸ್ ಆರ್ ನಾಟ್ ಅಲೌಡ್. ಯುವರ್ ಶೂಸ್ ಆರ್ ಡರ್ಟಿ."

ನಾನು ಚಪ್ಪಲಿ ನೋಡಿಕೊಂಡೆ. ನಿಜವೇ.

ಹೊರಗೆ ಬಂದು, ಬಾಗಿಲು ಮೆಲ್ಲನೆ ಎಳೆದುಕೊಂಡು, ಅದರ ಗಾಜಿನ ಈಚೆ ಕೈಕಟ್ಟಿ ನಿಂತೆ.